ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಸಂತೆಯೂ ಸರ್ಕಾರದ ಸಹಾಯಹಸ್ತವೂ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ, ಸುತ್ತಣ ಸೀಮೆಯ ಚರಿತ್ರೆಯನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡರು. ದೇವಾಲಯವನ್ನು ಕಟ್ಟಿಸಿದ ಗುರುಗಳ, ಕಲ್ಲು ಮಣ್ಣು ಹೊತ್ತ ಭಕ್ತಾದಿಗಳ ವೃತ್ತಾಂತವನ್ನು ಬೇರೆ ಲೇಖಕರು ಬರೆದಿರುವುದರಿಂದ ಅದನ್ನು ನಾವು ಮತ್ತೆ ಹೇಳಹೋಗುವುದಿಲ್ಲ. ಅರಸರ ಮತ್ತು ಯುದ್ಧಗಳ ಚರಿತ್ರೆಯನ್ನೂ ಬದಿಗಿಟ್ಟಿದ್ದೇವೆ. ಈ ಸೀಮೆಯ ಜನರು ಏನನ್ನು ಉಂಡರು, ಏನನ್ನು ಮಾರಿದರು, ಕೈಸೋತಾಗ ಯಾರ ಕಡೆ ನೋಡಿದರು ಎಂಬ ಚರಿತ್ರೆಯನ್ನೇ ಬರೆಯಲು ಮನಸ್ಸು ಮಾಡಿದೆವು.

ಇದಕ್ಕೊಂದು ಕಾರಣವುಂಟು. ಈ ಸಂಚಿಕೆಯ ಸಿದ್ಧತೆಗಾಗಿ ಸೇರಿದ್ದ ಸಭೆಯೊಂದರಲ್ಲಿ ಮಾತು ಎಲ್ಲಿಂದೆಲ್ಲಿಗೋ ಹೊರಳಿ ಸರ್ಕಾರದ ಉಚಿತ ಯೋಜನೆಗಳ ಮೇಲೆ ನಿಂತಿತು. ಗುಂಡ್ಲುಪೇಟೆಯ ಕಡೆ ಐದಾರು ಎಕರೆ ಅರಿಶಿನ, ಬಾಳೆ ಮಾಡಿಕೊಂಡಿರುವ ಹಿರಿಯರೊಬ್ಬರು, "ಪುಕ್ಕಟೆ ಅಕ್ಕಿ ಕೊಟ್ಟು ಕೊಟ್ಟು ಜನ ಕೆಟ್ಟೋದ್ರು ಸ್ವಾಮಿ. ಅರಿಶಿನ ಕೀಳೋಕೆ ಒಂದಾಳು ಸಿಕ್ಕಲ್ಲ" ಎಂದರು. ಹಿಂದಿನ ಬೆಂಚಿನಲ್ಲಿದ್ದ ತಾಯಿಯೊಬ್ಬರು, ಕೂಲಿ ಮಾಡಿ ಮೂವರು ಮಕ್ಕಳನ್ನು ಓದಿಸಿದವರು, ಎದ್ದು ನಿಂತು, "ಆಳು ಸಿಕ್ತಾರೆ ಅಣ್ಣ, ಕೂಲಿ ಸರಿಯಾಗಿ ಕೊಟ್ರೆ. ಮನೇಲಿ ಅಕ್ಕಿ ಇದ್ರೆ ಕಮ್ಮಿ ಕೂಲಿಗೆ ಬರಲ್ಲ ಅನ್ನೋಕೆ ಧೈರ್ಯ ಬರ್ತದೆ, ಅಷ್ಟೆ" ಎಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನಮಗೂ ಕೂಡಲೇ ಉತ್ತರ ತೋಚಲಿಲ್ಲ. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕೆಂಬುದೂ ಬಡವರಿಗೆ ಧಾರಾಳವಾಗಿ ನೆರವಾಗಬೇಕೆಂಬುದೂ ಒಂದೇ ಮನೆಯಲ್ಲಿ ಬಾಳಲಾರದ ಸವತಿಯರೋ, ಅಥವಾ ಒಂದನ್ನೊಂದು ಆತು ನಿಂತಿರುವ ಗೋಡೆಗಳೋ ಎಂಬ ಪ್ರಶ್ನೆಯನ್ನು ಅಂದಿನಿಂದ ಮನಸ್ಸಿನಲ್ಲಿಟ್ಟುಕೊಂಡೇ ಹಳೆಯ ಪುಸ್ತಕಗಳನ್ನು ತಿರುವಿಹಾಕಿದೆವು.

ನಮ್ಮ ಸೀಮೆಗೆ ಎತ್ತರದ ಗುರುತೆಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದಲ್ಲಿ, ವರ್ಷದ ಬಹುಭಾಗ ಮಂಜು ಹೊದ್ದು ನಿಂತಿರುವ ಈ ಬೆಟ್ಟದ ಮೇಲಿನ ಗುಡಿಯನ್ನು ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಹೊಯ್ಸಳ ಬಲ್ಲಾಳನ ಕಾಲದಲ್ಲಿ ಕಟ್ಟಿದರೆಂದು ಹೇಳುತ್ತಾರೆ. ದನ ಕಾಯುವವನ ಹೆಸರನ್ನು ಹೊತ್ತ ಬೆಟ್ಟ ಅದು. ತಪ್ಪಲಿನ ಹಂಗಳದಿಂದ ತೆರಕಣಾಂಬಿಯವರೆಗೆ, ಅಲ್ಲಿಂದ ಚಾಮರಾಜನಗರ, ಸಂತೇಮರಹಳ್ಳಿಗಳವರೆಗೆ ಹರಡಿರುವ ಬಯಲು ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. ಮಳೆ ಕೈಕೊಟ್ಟ ವರ್ಷ ಏನಾಗುತ್ತದೆಂಬುದನ್ನು ನಮ್ಮ ಅಜ್ಜಂದಿರ ಅಜ್ಜಂದಿರು ಕಂಡಿದ್ದರು.

ಅದು ಧಾತು, ಈಶ್ವರ ಸಂವತ್ಸರಗಳ ಬರ. ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 1878. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ಅನಂತರ, 1881ರಲ್ಲಿ, 41,86,188. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಓದುಗರೇ ಲೆಕ್ಕಹಾಕಿ ನೋಡಲಿ. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಬೆಲೆ ಏರಿದರೆ ವರ್ತಕರೇ ಧಾನ್ಯವನ್ನು ತರುತ್ತಾರೆ ಎಂಬುದು ಕಲ್ಕತ್ತೆಯ ಸರ್ಕಾರದ ಸಿದ್ಧಾಂತ. ಮದರಾಸು ಸರ್ಕಾರ ತಾನಾಗಿ ಧಾನ್ಯವನ್ನು ಕೊಂಡಾಗ ಮೇಲಿನವರಿಂದ ಆಕ್ಷೇಪಣೆ ಬಂದಿತು. ಸಿದ್ಧಾಂತದ ಅರ್ಧಭಾಗ ನಿಜವೇ ಆಗಿತ್ತು: ಬೆಲೆ ಏರಿತು, ರೈಲಿನಲ್ಲಿ ಧಾನ್ಯವೂ ಬಂದಿತು. ಆದರೆ ಕೊಳ್ಳುವವನ ಗಂಟಿನಲ್ಲಿ ದುಡ್ಡಿರಲಿಲ್ಲ. ಬೆಳೆ ಹೋದ ಮೇಲೆ ಕೂಲಿಯೂ ಹೋಗಿತ್ತು. ಎತ್ತುಗಳು ಸತ್ತು ಬಿದ್ದಿದ್ದವು. ಪ್ರೊಫೆಸರ್ ಅಮರ್ತ್ಯ ಸೇನರು ಬಡತನ ಮತ್ತು ಕ್ಷಾಮಗಳನ್ನು ಕುರಿತು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದು ಇದನ್ನೇ: ಊರಿನಲ್ಲಿ ಧಾನ್ಯವಿದ್ದರೂ ಅದನ್ನು ಪಡೆಯುವ ಶಕ್ತಿ ಕಳೆದುಕೊಂಡವರು ಹಸಿವಿನಿಂದ ಸಾಯಬಹುದು.

ಆ ಬರದಲ್ಲಿ ಪ್ಯಾರಿಸ್ ವಿದೇಶೀ ಮಿಷನ್ ಸಭೆಯ ಗುರುಗಳು ತಬ್ಬಲಿ ಮಕ್ಕಳನ್ನು ಸಲಹಿದ ಕಥೆ ನಮ್ಮ ಧರ್ಮಸಭೆಯ ಚರಿತ್ರೆಗೆ ಸೇರಿದ್ದು, ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಸರ್ಕಾರ ಕಲಿತ ಪಾಠ. ಬರದ ಪರಿಹಾರ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲುದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. 1880ರ ಕ್ಷಾಮ ಆಯೋಗದ ಹಿಂದೆಯೇ ಕ್ಷಾಮ ಸಂಹಿತೆಗಳು ಬಂದವು. ಬೆಲೆಯನ್ನು ಮುಟ್ಟಬೇಡಿ, ಜನರಿಗೆ ಕೆಲಸ ಕೊಟ್ಟು ಕೂಲಿ ಕೊಡಿ. ದುಡಿಯಲಾರದವರಿಗೆ ಹಾಗೆಯೇ ಅನ್ನ ಕೊಡಿ ಎಂಬುದು ಅವುಗಳ ತಿರುಳು. 2005ರ ಉದ್ಯೋಗ ಖಾತರಿ ಕಾನೂನಿನ ಬೇರನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಈ ಕಾಲಕ್ಕೇ. ಕೂಲಿ ಕೈಗೆ ಬಂದರೆ ವರ್ತಕನೂ ಬರುತ್ತಾನೆ.

ಇನ್ನು ರೇಷ್ಮೆಯ ಮಾತು. ಟಿಪ್ಪು ಸುಲ್ತಾನನು ಬಂಗಾಳದಿಂದ ತರಿಸಿ ಬೇರೂರಿಸಿದ ಈ ಕಸುಬು ಚಾಮರಾಜನಗರ, ಕೊಳ್ಳೇಗಾಲಗಳ ಮಳೆಯಾಶ್ರಯದ ಹಿಪ್ಪುನೇರಳೆ ಹೊಲಗಳಲ್ಲಿ ಬಡವನ ಕೈಗೆ ರೊಕ್ಕ ತಂದ ಕಸುಬು. ಮನೆಯ ಒಂದು ಮೂಲೆಯಲ್ಲಿ ತಟ್ಟೆ, ಚಂದ್ರಂಕಿಗಳನ್ನಿಟ್ಟುಕೊಂಡು ಗಂಡ, ಹೆಂಡತಿ, ಮಕ್ಕಳು ಹಗಲಿರುಳೂ ಸೊಪ್ಪು ಹಾಕಿ ಬೆಳೆಸಿದ ಹುಳು ಗೂಡು ಕಟ್ಟಿದ ಮೇಲೆ ರೈತನಿಗೆ ದೊರೆಯುವ ಕಾಲ ಬಹಳ ಸಣ್ಣದು. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ಕೊರೆದು ಹೊರಬಂದುಬಿಡುತ್ತದೆ; ಆಮೇಲೆ ಅದರಿಂದ ನೂಲು ಬಿಚ್ಚಲಾಗದು. ಮಾರುವವನು ಕಾಯಲಾರ, ಕೊಳ್ಳುವವನು ಕಾಯಬಲ್ಲ. ದಲ್ಲಾಳಿ ಮನೆಬಾಗಿಲಿಗೆ ಬಂದು, ತನ್ನದೇ ತಕ್ಕಡಿಯಲ್ಲಿ ತೂಗಿ, ತಾನು ಹೇಳಿದ ಬೆಲೆಗೆ ಒಯ್ಯುವುದನ್ನು ಯಾವ ಕಾನೂನೂ ತಡೆಯುತ್ತಿರಲಿಲ್ಲ. ಅದನ್ನು ಸ್ವತಂತ್ರ ವ್ಯಾಪಾರವೆಂದು ಕರೆಯಬಹುದು. ಆದರೆ ಆ ಸ್ವಾತಂತ್ರ್ಯ ಒಬ್ಬನದು ಮಾತ್ರ.

1959ರಲ್ಲಿ ಅಂದಿನ ಮೈಸೂರು ರಾಜ್ಯವು ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲುಗಳ ವ್ಯವಹಾರವನ್ನು ನಿಯಂತ್ರಿಸುವ ಕಾನೂನನ್ನು ಮಾಡಿತು. ಇದರ ಮರ್ಮವನ್ನು ಓದುಗರು ಗಮನಿಸಬೇಕು. ಸರ್ಕಾರ ಗೂಡಿಗೆ ಇಂತಿಷ್ಟೇ ಬೆಲೆಯೆಂದು ಕಟ್ಟಲಿಲ್ಲ. ತಾನೇ ಎಲ್ಲವನ್ನೂ ಕೊಳ್ಳುತ್ತೇನೆಂದೂ ಹೇಳಲಿಲ್ಲ. ಮಾರಾಟವೆಲ್ಲ ಸರ್ಕಾರಿ ಗೂಡಿನ ಮಾರುಕಟ್ಟೆಯ ಸೂರಿನಡಿ, ಎಲ್ಲರೆದುರು, ಬಹಿರಂಗ ಹರಾಜಿನಲ್ಲಿ ನಡೆಯಬೇಕು. ಕೊಳ್ಳುವವನಿಗೆ ಲೈಸೆನ್ಸ್ ಇರಬೇಕು. ತೂಕ ಮಾರುಕಟ್ಟೆಯ ತಕ್ಕಡಿಯಲ್ಲಿ ಆಗಬೇಕು ಎಂದಿತು. ರಾಮನಗರದ ಮಾರುಕಟ್ಟೆ ದೇಶಕ್ಕೇ ಹೆಸರಾಯಿತು. ನಮ್ಮವರಿಗೆ ಹತ್ತಿರದ್ದು ಕೊಳ್ಳೇಗಾಲದ್ದು. ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲ್ ಫೋನಿನಲ್ಲಿ ನಡೆಯುತ್ತದೆ. ಬಂದ ಬೆಲೆ ಮನಸ್ಸಿಗೆ ಬರದಿದ್ದರೆ ಒಲ್ಲೆನೆನ್ನುವ ಹಕ್ಕು ರೈತನಿಗುಂಟು. ರೇಷ್ಮೆ ಬೆಳೆಗಾರರಾದ ನಮ್ಮ ಭಕ್ತರೊಬ್ಬರೊಡನೆ ಒಮ್ಮೆ ಅಲ್ಲಿಗೆ ಹೋಗಿದ್ದೆವು. ತಾವು ತಂದ ಗೂಡಿನ ಪಕ್ಕ, ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಕುಳಿತವರಂತೆ, ಅವರು ಕುಳಿತಿದ್ದುದು ನಮಗಿನ್ನೂ ನೆನಪಿದೆ. ಮೊದಲ ಸುತ್ತಿನ ಬೆಲೆಗೆ ಅವರು ತಲೆಯಲ್ಲಾಡಿಸಿದರು. ಎರಡನೆಯ ಸುತ್ತಿನಲ್ಲಿ ಬೆಲೆ ಸ್ವಲ್ಪ ಏರಿತು, ಒಪ್ಪಿದರು.

ಮಾರುಕಟ್ಟೆ ಕಟ್ಟಿಕೊಟ್ಟ ಮಾತ್ರಕ್ಕೆ ಎಲ್ಲವೂ ನೇರವಾಯಿತೆಂದು ನಾವು ಹೇಳುವುದಿಲ್ಲ. 1980ರ ಸುಮಾರಿಗೆ ಊಜಿ ನೊಣ ಬಂದು ಹುಳುಗಳನ್ನು ಕಾಡಿತು. ಮುಂದೆ ಅಗ್ಗದ ಚೀನಾ ರೇಷ್ಮೆ ಬಂದು ಬೆಲೆಯನ್ನೇ ಕುಸಿಯುವಂತೆ ಮಾಡಿತು. 1930ರ ದಶಕದಲ್ಲಿ ಜಪಾನಿನ ರೇಷ್ಮೆ ಮಾಡಿದ್ದೂ ಇದನ್ನೇ. ನಮ್ಮ ಬಯಲಿನಲ್ಲಿ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ತಿರುಗಿದವರು ಅನೇಕರು. ತೆರೆದ ಪೇಟೆಯ ಗಾಳಿ ಎಲ್ಲ ಕಡೆಯಿಂದಲೂ ಬೀಸುತ್ತದೆ. ತಾಳಿಕೊಳ್ಳಲು ಹಿಂದೊಂದು ಆಸರೆಯಿಲ್ಲದವನು ಮೊದಲು ಉರುಳುತ್ತಾನೆ.

ಆಸರೆಯೇ ಪೇಟೆಯನ್ನು ಕೆಡಿಸುವುದೂ ಉಂಟು. ಇದಕ್ಕೆ ನಾವೇ ಸಾಕ್ಷಿ. 1960ರ ದಶಕದ ಕೊನೆಯಲ್ಲಿ ನಾವು ಶಾಲೆಗೆ ಹೋಗುತ್ತಿದ್ದಾಗ ಮಧ್ಯಾಹ್ನ ಕೊಡುತ್ತಿದ್ದ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟು ಮತ್ತು ಪುಡಿಹಾಲಿನ ರುಚಿ ನಮ್ಮ ವಯಸ್ಸಿನವರ ನಾಲಗೆಯಿಂದ ಇನ್ನೂ ಹೋಗಿಲ್ಲ. ಅದನ್ನು ಕೊಟ್ಟ ಕೈಗಳಿಗೆ ನಾವು ಕೃತಜ್ಞರು; ಅದರಲ್ಲಿ ಧರ್ಮಸಭೆಯ ಕೈಗಳೂ ಇದ್ದವು. ಆದರೆ 1954ರ ಪಿ.ಎಲ್. 480 ಕಾನೂನಿನ ಅಡಿ ಹಡಗು ಹಡಗಾಗಿ ಬರುತ್ತಿದ್ದ ಧಾನ್ಯದಿಂದ ಇಲ್ಲಿಯ ರೈತನ ಬೆಲೆ ಇಳಿದು, ಬೆಳೆಯುವ ಉತ್ಸಾಹವೇ ಕುಂದೀತೆಂದು ಅಂದೇ ಕೆಲವು ಅರ್ಥಶಾಸ್ತ್ರಜ್ಞರು ಎಚ್ಚರಿಸಿದ್ದರು. ಹಸಿದ ಮಗುವಿಗೆ ಹಾಲು ಕೊಡುವುದು ಪುಣ್ಯವೇ ಸರಿ. ಆದರೆ ಆ ಹಾಲು ಪಕ್ಕದ ಹಟ್ಟಿಯ ಹಾಲನ್ನು ಕೇಳುವವರಿಲ್ಲದಂತೆ ಮಾಡಿದರೆ, ನಾಳೆ ಹಸಿಯುವ ಮಗು ಆ ಹಟ್ಟಿಯದಾಗುತ್ತದೆ.

ಈ ತೊಡಕನ್ನು ಬಿಡಿಸಿದ ರೀತಿ ನಮ್ಮ ದೇಶದಲ್ಲಿಯೇ ಸಿಕ್ಕಿತೆಂಬುದು ಹೆಮ್ಮೆಯ ವಿಷಯ. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಯೋಜನೆಗೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಹಾಲಿನ ಪುಡಿಯೂ 42,000 ಟನ್ ಬೆಣ್ಣೆ ಎಣ್ಣೆಯೂ ದಾನವಾಗಿ ಬರಲು ಒಪ್ಪಂದವಾಯಿತು. ವರ್ಗೀಸ್ ಕುರಿಯನ್ನರ ನೇತೃತ್ವದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಅದನ್ನು ಪುಕ್ಕಟೆಯಾಗಿ ಹಂಚಿಬಿಡಲಿಲ್ಲ. ಪುಡಿಯನ್ನು ಹಾಲಾಗಿಸಿ, ರೈತನ ಹಾಲಿನ ಬೆಲೆಯನ್ನು ಕೆಡಿಸದಂತೆ ನಗರಗಳಲ್ಲಿ ಮಾರಿ, ಬಂದ ಹಣದಲ್ಲಿ ಡೇರಿಗಳನ್ನೂ ಶೀತಲ ಕೇಂದ್ರಗಳನ್ನೂ ಕಟ್ಟಿತು. ದಾನವೇ ಬಂಡವಾಳವಾಯಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ಸಾಲದೊಡನೆ ಹೈನು ಯೋಜನೆ ದಕ್ಷಿಣದ ಜಿಲ್ಲೆಗಳಲ್ಲಿ ಆರಂಭವಾಗಿ, ಹಳ್ಳಿಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. ಇಂದು ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಬೆಳಗಿನ ಗಂಟೆಯ ಹೊತ್ತಿಗೆ ಡೇರಿಯ ಮುಂದೆ ಕ್ಯಾನು ಹಿಡಿದ ಸಾಲು ನಿಂತಿರುತ್ತದೆ. ಬೆಳಗಿನ ಬಲಿಪೂಜೆಗೆ ತಡವಾಗಿ ಬರುವವರ ನೆಪವೂ ಬಹುಮಟ್ಟಿಗೆ ಅದೇ. ಹಾಲಿನ ಜಿಡ್ಡು ನೋಡಿ ಬೆಲೆ. ಬಟವಾಡೆಯ ಹಣ ಖಾತೆಗೆ. ಕುದೇರಿನಲ್ಲಿ ನಮ್ಮ ಜಿಲ್ಲೆಯ ಹಾಲು ಒಕ್ಕೂಟವಿದೆ.

2013ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರ ಶಾಲಾಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡುವ ಕ್ಷೀರಭಾಗ್ಯವನ್ನು ಆರಂಭಿಸಿತು. ಆ ಹೊತ್ತಿಗೆ ಒಕ್ಕೂಟಗಳಲ್ಲಿ ಮಾರಾಟವಾಗದ ಹಾಲು ಹೆಚ್ಚಾಗಿತ್ತು. ನಾವು ಬಾಲ್ಯದಲ್ಲಿ ಕುಡಿದದ್ದೂ ಪುಡಿಹಾಲೇ, ಈ ಮಕ್ಕಳು ಕುಡಿಯುವುದೂ ಬಹುತೇಕ ಪುಡಿಯಿಂದ ಕದಡಿದ ಹಾಲೇ. ಆದರೆ ಇದು ಅವರ ತಾಯಂದಿರೇ ಕರೆದು ಡೇರಿಗೆ ಹಾಕಿದ ಹಾಲಿನ ಪುಡಿ. 2008ರಿಂದ ಲೀಟರಿಗೆ ಇಷ್ಟೆಂದು ಸರ್ಕಾರ ಕೊಡುತ್ತ ಬಂದಿರುವ ಪ್ರೋತ್ಸಾಹಧನವೂ ಸಂಘದ ಡೇರಿಗೆ ಹಾಲು ಹಾಕಿದವನ ಕೈಗೇ ಹೋಗುವಂಥದು.

ಇಂಥದೇ ದಾರಿಯನ್ನು ನಮಗಿಂತ ಮೊದಲು ತುಳಿದ ನಾಡು ಡೆನ್ಮಾರ್ಕ್. 1870ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಯೂರೋಪಿಗೆ ನುಗ್ಗಿದಾಗ ಜರ್ಮನಿ, ಫ್ರಾನ್ಸ್ ದೇಶಗಳು ಸುಂಕದ ಗೋಡೆ ಕಟ್ಟಿದವು. ಡೇನರು ಗೋಡೆ ಕಟ್ಟಲಿಲ್ಲ. ಅಗ್ಗದ ಧಾನ್ಯವನ್ನು ದನ, ಹಂದಿಗಳಿಗೆ ಮೇವಾಗಿಸಿ ಬೆಣ್ಣೆ ಮತ್ತು ಮಾಂಸಗಳನ್ನು ಇಂಗ್ಲೆಂಡಿಗೆ ಮಾರಹೊರಟರು. 1882ರಲ್ಲಿ ಹೆಡಿಂಗ್ ಎಂಬ ಹಳ್ಳಿಯಲ್ಲಿ ಅಲ್ಲಿಯ ಮೊದಲ ಸಹಕಾರಿ ಡೇರಿ ಹುಟ್ಟಿತು. ಎಷ್ಟು ಹಸುಗಳಿದ್ದರೂ ಒಬ್ಬನಿಗೆ ಒಂದೇ ಮತವೆಂಬುದು ಈ ಡೇರಿಗಳ ನಿಯಮ. 1891ರಲ್ಲಿ ಅದೇ ನಾಡು ಬಡ ವೃದ್ಧರಿಗೆ ಪಿಂಚಣಿಯನ್ನು ಕೊಡುವ ಕಾನೂನನ್ನು ಮಾಡಿ, ಅದರ ಖರ್ಚಿಗಾಗಿ ಬಿಯರಿನ ಮೇಲೆ ತೆರಿಗೆ ಹಾಕಿತು. ಇಂದಿಗೂ ಅಲ್ಲಿ ಮಾಲೀಕನು ಆಳನ್ನು ಕೆಲಸದಿಂದ ಬಿಡಿಸುವುದು ಅಷ್ಟು ಕಷ್ಟವಲ್ಲ. ಕನಿಷ್ಠ ಕೂಲಿಯ ಕಾನೂನು ಕೂಡ ಇಲ್ಲ, ಸಂಘಗಳೇ ಮಾತಾಡಿ ನಿಗದಿಮಾಡಿಕೊಳ್ಳುತ್ತವೆ. ಆದರೆ ಕೆಲಸ ಹೋದವನು ಬೀದಿಗೆ ಬೀಳುವುದಿಲ್ಲ. ಅವನಿಗೆ ಭತ್ಯೆಯೂ ಹೊಸ ಕೆಲಸದ ತರಬೇತಿಯೂ ಸಿಗುತ್ತದೆ. ಇದಕ್ಕೆಲ್ಲ ಅವರು ತೆರುವ ಬೆಲೆಯನ್ನು ನಮ್ಮ ಭಾಷಣಕಾರರು ಹೇಳುವುದಿಲ್ಲ: ಕೊಳ್ಳುವ ಬಹುತೇಕ ಪದಾರ್ಥಗಳ ಮೇಲೆ, ಬಡವ ಬಲ್ಲಿದರೆನ್ನದೆ, ನೂರಕ್ಕೆ ಇಪ್ಪತ್ತೈದರಷ್ಟು ತೆರಿಗೆ.

ಅದೇ 1891ರಲ್ಲಿ ಹದಿಮೂರನೆಯ ಲಿಯೋ ಪೋಪರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ಹೊರಡಿಸಿದ ವಿಶ್ವಪತ್ರವನ್ನು ನಾವು ಗುರುಮಠದಲ್ಲಿ ಓದಿದೆವು. ಅದರ ನೂರನೆಯ ವರ್ಷ, 1991ರಲ್ಲಿ, ಎರಡನೆಯ ಜಾನ್ ಪೌಲರು ಮತ್ತೊಂದನ್ನು ಬರೆದರು. ಮಾರುಕಟ್ಟೆಯನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಮನುಷ್ಯನ ಎಲ್ಲ ಅಗತ್ಯಗಳೂ ಅಲ್ಲಿ ಬೆಲೆಗೆ ಸಿಗುವಂಥವಲ್ಲ ಎಂದು ನೆನಪಿಸಿದರು. ಇನ್ನೂ ಹೆಚ್ಚು ಹೇಳಿದರೆ ಇದು ಪ್ರಸಂಗವಾದೀತು.

ಮತ್ತೆ ನಮ್ಮ ಸಭೆಯ ಜಗಳಕ್ಕೆ ಬರೋಣ. 2013ರ ಜುಲೈನಲ್ಲಿ ಅನ್ನಭಾಗ್ಯ ಆರಂಭವಾದಾಗ ಕಿಲೋ ಒಂದು ರೂಪಾಯಿಗೆ ಅಕ್ಕಿ. ಮುಂದೆ ಅದೂ ಉಚಿತ. ಒಂದು ದೋಷವನ್ನು ನಾವು ಮುಚ್ಚಿಡುವುದಿಲ್ಲ. ನಮ್ಮದು ರಾಗಿ ಉಣ್ಣುವ ಸೀಮೆ. ಅಕ್ಕಿ ಪುಕ್ಕಟೆಯಾದಾಗ ರಾಗಿ ಬೆಳೆಯುವ ಬಡ ರೈತನಿಗೆ ಪೆಟ್ಟು ಬೀಳದಿರುತ್ತದೆಯೆ? ಸರ್ಕಾರ ಬೆಂಬಲ ಬೆಲೆಗೆ ರಾಗಿಯನ್ನು ಕೊಂಡು ಪಡಿತರದಲ್ಲಿ ಅಕ್ಕಿಯೊಡನೆ ಕೊಡತೊಡಗಿದ್ದು ಸರಿಯಾದ ಹೆಜ್ಜೆ. 2023ರ ಜುಲೈನಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ದೊರೆಯದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ ಬಂದಿತು. ಯಾವುದು ಲೇಸೆಂದು ನಮ್ಮ ತಾಯಂದಿರನ್ನು ಕೇಳಿದರೆ ಒಮ್ಮತವಿಲ್ಲ. ದುಡ್ಡಾದರೆ ರಾಗಿ ಕೊಳ್ಳಬಹುದಿತ್ತು ಎಂಬವರುಂಟು. ದುಡ್ಡು ಗಂಡನ ಕಣ್ಣಿಗೆ ಬೀಳುತ್ತದೆ, ಅಕ್ಕಿ ಬೀಳುವುದಿಲ್ಲ ಎಂಬವರೂ ಉಂಟು. 2007ರ ಜುಲೈನಲ್ಲಿ ಸಾರಾಯಿ ನಿಂತರೂ ಬಾಟಲಿ ನಿಂತಿಲ್ಲ. ಅಬಕಾರಿಯಿಂದ ಬೊಕ್ಕಸ ತುಂಬಿ, ಬೊಕ್ಕಸದಿಂದ ಗೃಹಲಕ್ಷ್ಮಿಯ ಎರಡು ಸಾವಿರ ಹೊರಬರುವ ಈ ಚಕ್ರವನ್ನು ಕಂಡು ಡೇನರ ಬಿಯರ್ ತೆರಿಗೆ ನೆನಪಾಗಿ ನಗುವುದೋ ಅಳುವುದೋ ನಮಗೆ ತಿಳಿಯದು.

ಖರ್ಚಿನ ಮಾತನ್ನೂ ಆಡಲೇಬೇಕು. 2024–25ರ ಆಯವ್ಯಯದಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ರೂಪಾಯಿ. ಒಟ್ಟು ಆಯವ್ಯಯ 3,71,000 ಕೋಟಿ ದಾಟಿತ್ತು. ಇಷ್ಟು ಹಣ ಬರುವುದು ವ್ಯಾಪಾರ ನಡೆದರೆ ಮಾತ್ರ: ಗೂಡು ಮಾರಿದರೆ, ಲಾರಿ ಓಡಿದರೆ, ಬೆಂಗಳೂರಿನ ಕಚೇರಿಗಳಲ್ಲಿ ದೀಪ ಉರಿದರೆ. ಆದುದರಿಂದ ಸಂತೆಯನ್ನು ಬೈಯುತ್ತ ಸಹಾಯವನ್ನು ಬಯಸುವವರು ತಮ್ಮ ಕೊಡದ ತಳವನ್ನೇ ಒಡೆಯುತ್ತಾರೆ. ಮಾಸ್ತರಿಲ್ಲದ ಶಾಲೆ, ವೈದ್ಯರಿಲ್ಲದ ಆರೋಗ್ಯ ಕೇಂದ್ರಗಳಿರುವಾಗ ಎಲ್ಲವನ್ನೂ ಕೈಗೆ ಹಂಚಿಬಿಡುವುದು ನಮಗೂ ಸರಿಕಾಣುವುದಿಲ್ಲ. ಆದರೆ ಅರಿಶಿನದ ಹೊಲದ ಯಜಮಾನರಿಗೆ ನಾವು ಒಂದು ಮಾತನ್ನು ಹೇಳಬೇಕಾಯಿತು. ತಮ್ಮ ಅರಿಶಿನಕ್ಕೆ ಬೆಲೆ ಬಾರದಿದ್ದರೆ ಕೊಡಿಗೆಯಲ್ಲಿಟ್ಟು ಕಾಯುವ ಶಕ್ತಿಯನ್ನು ಅವರು ಸ್ವಾತಂತ್ರ್ಯವೆನ್ನುತ್ತಾರೆ. ತಮ್ಮ ತೋಳಿನ ಬಲಕ್ಕೆ ಬೆಲೆ ಬಾರದಿದ್ದರೆ ಒಂದು ವಾರ ಕಾಯುವ ಶಕ್ತಿ ಕೂಲಿಯವರಿಗೆ ಬಂದರೆ ಅದನ್ನು ಸೋಮಾರಿತನವೆನ್ನುತ್ತಾರೆ. ಅವರು ಒಳ್ಳೆಯವರು, ನಕ್ಕು ಸುಮ್ಮನಾದರು.

ನಮ್ಮ ರೈತನ ಸಂತೆಗೂ ಮಿತಿಗಳುಂಟು. ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಿಂದ ಕೇರಳಕ್ಕೆ ಹೋಗುವ ಮಾಲು ಬಂಡೀಪುರದ ಕಾಡನ್ನು ದಾಟಬೇಕು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಅಲ್ಲಿ ವಾಹನಗಳ ಓಡಾಟವನ್ನು ನಿಲ್ಲಿಸಲಾಗಿದೆ. ಆನೆಗೂ ಹುಲಿಗೂ ರಾತ್ರಿ ಬೇಕು. ಅವುಗಳಿಗೆ ಕೊಳ್ಳುವ ಶಕ್ತಿಯಿಲ್ಲ. ವರ್ತಕರು ಗೊಣಗಿದರು, ಹೊತ್ತನ್ನು ಬದಲಿಸಿಕೊಂಡರು, ವ್ಯಾಪಾರ ನಡೆದಿದೆ.

ಈ ಲೇಖನವನ್ನು ಮುಗಿಸುವ ಹೊತ್ತಿಗೆ ಅರಿಶಿನ ಕೀಳುವ ಕಾಲ ಬಂದಿತು. ಆ ಹಿರಿಯರ ಹೊಲಕ್ಕೆ ಆಳುಗಳು ಬಂದರೆಂದು ಕೇಳಿದೆವು. ಬಂದವರು ಹನ್ನೊಂದು ಮಂದಿ ಹೆಂಗಸರು. ಅವರನ್ನು ಕೂಡಿಸಿಕೊಂಡು ಬಂದವರು ಅಂದು ಹಿಂದಿನ ಬೆಂಚಿನಿಂದ ಎದ್ದು ಮಾತಾಡಿದ ತಾಯಿಯೇ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲವಷ್ಟೆ. ಎಲ್ಲರೂ ಬೆಳಗಿನ ಮೊದಲ ಬಸ್ಸಿನಲ್ಲಿ ಬಂದಿಳಿದರಂತೆ. ಕೂಲಿಯನ್ನು ಎಷ್ಟು ಏರಿಸಿದಿರಿ ಎಂದು ನಾವು ಹಿರಿಯರನ್ನು ಕೇಳಲಿಲ್ಲ. ಮಧ್ಯಾಹ್ನದ ಊಟವನ್ನು ಮಾತ್ರ ತಮ್ಮ ಮನೆಯಿಂದಲೇ ಕಳಿಸಿದೆನೆಂದು, ರಾಗಿಮುದ್ದೆ ಮತ್ತು ಅವರೆಕಾಳಿನ ಸಾರೆಂದು, ಅವರಾಗಿಯೇ ಹೇಳಿದರು.